ಭಾನುವಾರದ ಅರ್ಧ ಅಂಗುಲ

ಡಫ್‌ಟೌನ್,
೧೧ ಅಕ್ಟೋಬರ್ ೨೦೧೮, ಗುರುವಾರ

ಪ್ರೀತಿಯ ತಮ್ಮ ಗ್ಯಾವಿನ್‌ಗೆ, ನಿನ್ನ ಅಕ್ಕ ನೆಟ್ಟಾ ಬರೆಯುವುದು.

ಮಂಡಿ ಹೇಗಿದೆ? ಡಾಕ್ಟರು ಹೇಳಿದಷ್ಟು ದಿನವೂ ನಡೆಯುತ್ತಿದ್ದೀಯೋ, ಇಲ್ಲ ಊರುಗೋಲನ್ನು ದೋಣಿ ಕಟ್ಟುವ ಶೆಡ್ಡಿನಲ್ಲಿ ಒರಗಿಸಿಟ್ಟು ಕುಂಟುತ್ತ ಮನೆಗೆ ಬರುತ್ತಿದ್ದೀಯೋ? ನೀನು ಎರಡನೆಯದನ್ನೇ ಮಾಡುತ್ತೀ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನ ಹೆಂಡತಿ ತುರಿಡ್ ಕಳಿಸಿದ ಜಾಮಿನ ಸೀಸೆ ಒಡೆಯದೆ ಬಂದು ತಲುಪಿತು. ಅವಳಿಗೆ ನನ್ನ ಪ್ರೀತಿ ತಿಳಿಸು, ಓಟ್ಸ್ ರೊಟ್ಟಿಗೆ ಹಚ್ಚಿಕೊಂಡು ನಾಲ್ಕೇ ದಿನಕ್ಕೆ ಮುಗಿಸಿದೆವು ಎಂದೂ ಹೇಳು. ನನ್ನ ಬೆನ್ನು ನನ್ನ ವಯಸ್ಸಿಗೆ ತಕ್ಕ ಹಾಗಿದೆ. ಕಣ್ಣು ಚೆನ್ನಾಗಿದೆ. ಮೂಗು ಮಾತ್ರ ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿದೆ. ಆ ವಿಷಯಕ್ಕೇ ಈ ಕಾಗದ. ನಿನ್ನ ಮಗಳು ಸಿಗ್ನೆ ಆರೋಗ್ಯವಾಗಿದ್ದಾಳೆ, ಚಹಾದಂಗಡಿಯ ಕೆಲಸಕ್ಕೆ ಹೋಗಿಬರುತ್ತಿದ್ದಾಳೆ, ನಮ್ಮೂರಿನವರ ಹಾಗೆ ಮಾತಾಡಲು ಕಲಿಯುತ್ತಿದ್ದಾಳೆ. ಬೈಗುಳಗಳನ್ನು ಮೊದಲು ಕಲಿತಳು. ಅದಕ್ಕೆ ನಾನು ಕಾರಣಳಲ್ಲ, ಪಕ್ಕದ ಮನೆಯ ಸ್ಯಾಂಡಿ ರಿಡ್ಡಕ್ ಕಾರಣ.

ಈಗ ಕುರ್ಚಿ ಎಳೆದುಕೊಂಡು ಕೂತುಕೋ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕೈಮೇಲೆ ಕೈಯಿಟ್ಟು ಆಣೆ ಮಾಡಿದ್ದೆವಲ್ಲ, ವಿಸ್ಕಿ ಎಂಬುದು ನಮ್ಮಿಬ್ಬರ ತುಟಿಗೆ ಸಾಯುವವರೆಗೂ ತಾಗಬಾರದು ಎಂದು. ನನಗೆ ಹತ್ತೊಂಬತ್ತು, ನಿನಗೆ ಹದಿನಾರು. ಆ ಆಣೆಯನ್ನು ನಾನು ಕಳೆದ ಜೂನ್ ತಿಂಗಳಲ್ಲಿ ಮುರಿದೆ. ಜಾರಿ ಬಿದ್ದು ಮುರಿದದ್ದಲ್ಲ. ಹಗಲು ನಾಲ್ಕು ಗಂಟೆಗೆ, ಒಳ್ಳೆಯ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ತಿಳಿದೂ ತಿಳಿದೂ ಮುರಿದೆ. ಪಶ್ಚಾತ್ತಾಪವಿಲ್ಲ. ನೀನು ಬೈದರೂ ಇಲ್ಲ.

ಆದದ್ದು ಹೀಗೆ. ಮೇ ತಿಂಗಳಲ್ಲಿ ಸಿಗ್ನೆ ಮೂರು ವಾರಕ್ಕೆಂದು ಬಂದು ಇಲ್ಲೇ ಉಳಿದುಬಿಟ್ಟಳಲ್ಲ, ಬಂದ ದಿನ ಬರಿಗೈಯಲ್ಲಿ ಬರಬಾರದೆಂದು ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೊಕ್ಕು ಒಂದು ಸಿಂಗಲ್ ಮಾಲ್ಟ್ ವಿಸ್ಕಿ ತಂದಿದ್ದಳು. ಹನ್ನೆರಡು ವರ್ಷದ್ದು, ಹಸಿರು ಸೀಸೆ, ಅಂಗಡಿಯ ಕೆಳಗಿನ ಅರೆಯಲ್ಲಿ ಸಿಗುವಂಥದ್ದು. ವಿಸ್ಕಿಯ ಊರಿನ ಅತ್ತೆಗೆ ಇದಕ್ಕಿಂತ ಸರಿಯಾದ ಉಡುಗೊರೆ ಯಾವುದು ಎಂದು ಅವಳ ಲೆಕ್ಕ. ನಾನು ಥ್ಯಾಂಕ್ಸ್ ಹೇಳಿ, ಅದನ್ನು ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ, ನೆಲ ತೊಳೆಯುವ ಫಿನಾಯಿಲಿನ ಹಿಂದೆ ಇಟ್ಟುಬಿಟ್ಟೆ. ಹತ್ತು ದಿನದ ಮೇಲೆ ಬಕೆಟ್ಟು ತೆಗೆಯಲು ಬಗ್ಗಿದಾಗ ಅವಳ ಕಣ್ಣಿಗೆ ಬಿತ್ತು. "ಅತ್ತೇ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದಳು. ಗ್ಯಾವಿನ್, ನಿನ್ನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಇಪ್ಪತ್ಮೂರು ವರ್ಷ ಬೆಳೆಸಿದ ಮಗಳಿಗೆ ಅಜ್ಜ ಎದೆನೋವಿನಿಂದ ಹೋದ ಎಂದಷ್ಟೇ ಹೇಳಿದ್ದೀಯ. ನೀನು ಕುಡಿಯದಿರುವುದು ಹೊಟ್ಟೆಗೆ ಒಗ್ಗದೆ ಎಂದು ನಂಬಿಸಿದ್ದೀಯ. ಹಾಗಾಗಿ ನೀನು ಹೇಳಬೇಕಾದ್ದನ್ನೆಲ್ಲ ಅವಳ ಕೈಯಿಂದ ಬಕೆಟ್ಟು ಇಸಿದುಕೊಂಡು ನಾನು ಹೇಳಬೇಕಾಯಿತು. ಅಪ್ಪ ವಿಸ್ಕಿ ಭಟ್ಟಿಯಿಂದ ಮನೆಗೆ ಬರುತ್ತಿದ್ದ ರೀತಿ, ಅಮ್ಮ ಬಾಗಿಲ ಸಂದಿಯಿಂದಲೇ ಅವನ ಹೆಜ್ಜೆ ಎಣಿಸುತ್ತಿದ್ದದ್ದು, ನಲವತ್ತೇಳನೆಯ ವಯಸ್ಸಿಗೇ ಲಿವರ್ ಕೆಟ್ಟು ಮುಖ ಹಳದಿಯಾಗಿ ಅವನು ಹೋದದ್ದು, ಎಲ್ಲ. ಅವಳು ಅಳಲಿಲ್ಲ. ನಿನ್ನ ಹಾಗೇ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ: "ಅಜ್ಜ ಕುಡೀತಿದ್ದದ್ದು ಇದನ್ನೇನಾ ಅತ್ತೆ?"

ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ವಿಸ್ಕಿ ಸೀಸೆಗಳಿಗೆ ಚೀಟಿ ಅಂಟಿಸಿದವಳು ನಾನು. ಓರೆಯಾದ ಚೀಟಿಯನ್ನು ಹತ್ತಡಿ ದೂರದಿಂದ ಹಿಡಿಯುತ್ತಿದ್ದೆ. ಒಳಗಿನದು ಏನೆಂದು ಒಂದು ದಿನವೂ ಕೇಳಿರಲಿಲ್ಲ. ಕೇಳುವುದಾದರೆ ಸ್ಯಾಂಡಿಯನ್ನೇ ಕೇಳಬೇಕು. ಹುಡುಗನಾಗಿದ್ದಾಗಿಂದ ಅಪ್ಪನ ಕೈಕೆಳಗೆ, ವಿಸ್ಕಿ ಕಾಯಿಸಿ ಇಳಿಸುವ ತಾಮ್ರದ ಹಂಡೆಗಳ ಮುಂದೆ ಹನ್ನೆರಡು ವರ್ಷ ನಿಂತವನು ಅವನು. ಈಗ ಎಂಬತ್ತೊಂದು. ಮುಂದಿನ ಭಾನುವಾರ ಇಗರ್ಜಿ ಮುಗಿಸಿ, ಸೂಪು ಕುಡಿದು, ಅವನನ್ನು ಕರೆದೆ. ಟೈ ಕಟ್ಟಿಕೊಂಡು ಬಂದ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. "ಇದಾ? ನಿಮ್ಮಪ್ಪ ವಿಲ್ಲಿ ಇದರ ಒಂದು ತೊಟ್ಟೂ ಕಂಡಿರಲಿಲ್ಲಮ್ಮ. ಪೀಪಾಯಿಯಲ್ಲಿ ಹನ್ನೆರಡು ವರ್ಷ ಮಲಗಿ ಎದ್ದದ್ದು ದುಡ್ಡಿದ್ದೋರಿಗೆ. ನಮಗೆ ಕೊಡ್ತಿದ್ದದ್ದು ಹಂಡೆಯಿಂದ ಇಳಿದ ಹಸಿ ಸಾರ, ನೀರಿನಷ್ಟು ಬೆಳ್ಳಗೆ, ಬೆಂಕಿಯಷ್ಟು ಬಿಸಿ" ಎಂದ. ಕೆಲಸಕ್ಕೆ ಬಂದ ಕೂಡಲೇ ಒಂದು ಕೊಂಬಿನ ಬಟ್ಟಲು, ಮಧ್ಯಾಹ್ನ ಒಂದು, ಹೊರಡುವಾಗ ಒಂದು. ಹಂಡೆಯ ಒಳಗಿಳಿದು ಉಜ್ಜುವಂಥ ಕೊಳಕು ಕೆಲಸವಾದರೆ ಇನ್ನೊಂದು. ಸಾಲಾಗಿ ನಿಂತು ತೆಗೆದುಕೊಳ್ಳಬೇಕು. ಬೇಡ ಅಂದವನನ್ನು ಮಿಕ್ಕವರು ಹೆಂಗಸು ಅಂತ ಆಡಿಕೊಳ್ಳುತ್ತಿದ್ದರಂತೆ.

"ಹಾಗಾದರೆ ನೀನು ಹೇಗೆ ಉಳಿದೆ?" ಎಂದು ಕೇಳಿದೆ. ಸ್ಯಾಂಡಿ ಸಿಗ್ನೆಯ ಕಡೆ ನೋಡಿ ಸ್ವಲ್ಪ ನಾಚಿಕೊಂಡ. "ಕದ್ದು ಉಳಿದೆ ಮಾರಾಯ್ತಿ. ಪ್ಯಾಂಟಿನ ಒಳಗೆ ತಾಮ್ರದ ಕೊಳವೆ ಕಟ್ಕೊಂಡಿದ್ದೆ. ಕುಡಿದ ಹಾಗೆ ಮಾಡಿ ಅದಕ್ಕೆ ಸುರೀತಿದ್ದೆ, ಹೊರಗೆ ಹೋಗಿ ಯಾರಿಗಾದ್ರೂ ಮಾರ್ತಿದ್ದೆ. ಅರ್ಧ ಊರು ಹಾಗೇ ಮಾಡ್ತಿತ್ತು. ವಿಲ್ಲಿಗೂ ಒಂದು ಕೊಳವೆ ಮಾಡಿಕೊಟ್ಟೆ. ತಗೊಳ್ಳಲಿಲ್ಲ. ಬಾಗಿಲು ದಾಟಿಸಿದ್ರೆ ಕಳ್ಳತನ ಆಗುತ್ತೆ ಸ್ಯಾಂಡಿ, ಇಲ್ಲೇ ನಿಂತು ಕುಡಿದ್ರೆ ಸಂಬಳದ ಭಾಗ ಅಂದ. ಅಷ್ಟು ನೆಟ್ಟಗಿನ ಮನುಷ್ಯ ನಿಮ್ಮಪ್ಪ."

ಈ ಮಾತನ್ನು ಇನ್ನೊಂದು ಸಲ ಓದು ತಮ್ಮಾ. ನಾನು ಎಷ್ಟೋ ದಿನ ಇದನ್ನೇ ಮನಸ್ಸಿನಲ್ಲಿ ತಿರುಗಿಸಿದ್ದೇನೆ. ಕಳ್ಳರೆಲ್ಲ ಮುದುಕರಾದರು. ಅವನು ಮಾತ್ರ ಪ್ರಾಮಾಣಿಕನಾಗಿ ದಿನಕ್ಕೆ ಮೂರು ಸಲ, ಇಪ್ಪತ್ತನಾಲ್ಕು ವರ್ಷ, ಕೊಟ್ಟದ್ದನ್ನು ಕೊಟ್ಟಲ್ಲೇ ಕುಡಿದ. ಆಮೇಲೆ ಅದು ಸಾಲದಾಯಿತು, ಅದು ನಮಗೂ ಗೊತ್ತು. ಅವನು ಅಮ್ಮನಿಗೆ ಮಾಡಿದ್ದನ್ನು ನಾನು ಒರೆಸಿಹಾಕುತ್ತಿಲ್ಲ. ನಿನ್ನ ಕಿವಿಯ ಹಿಂದಿನ ಗಾಯ ನಾನೇ ತೊಳೆದದ್ದು. ಆದರೆ ಇಷ್ಟು ವರ್ಷ ನಾನು ದ್ವೇಷಿಸುತ್ತ ಬಂದದ್ದು ಸೀಸೆಯನ್ನು. ಅಂಥ ಸೀಸೆ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಇದೆಲ್ಲ ಕೇಳಿದ ಮೇಲೆ, "ಬಿಚ್ಚು ಸ್ಯಾಂಡಿ" ಅಂದದ್ದು ನಾನೇ. ಅಮ್ಮನ ಮೂರು ಪುಟ್ಟ ಶೆರಿ ವೈನಿನ ಲೋಟಗಳನ್ನು ಒರೆಸಿ ಇಟ್ಟೆ. ಅವನು ಅರ್ಧ ಅಂಗುಲದಷ್ಟು ಸುರಿದು, ಒಂದು ಆಲೂಗಡ್ಡೆ ಸುಲಿಯುವಷ್ಟು ಹೊತ್ತು ಮುಟ್ಟಬಾರದೆಂದ. ಆಮೇಲೆ ಮೂಗನ್ನು ಲೋಟದೊಳಗೆ ತುರುಕದೆ ಅಂಚಿನ ಹತ್ತಿರ ಹಿಡಿದು, ಬಾಯನ್ನು ಸ್ವಲ್ಪ ತೆರೆದು, ಮೆಲ್ಲಗೆ ಎಳೆದುಕೋ ಎಂದ. ಸುಳ್ಳು ಯಾಕೆ ಹೇಳಲಿ, ಅಪ್ಪನ ಕೋಟಿನ ವಾಸನೆ ಬರುತ್ತದೆ, ಎದ್ದು ಹೊರಗೆ ಓಡುತ್ತೇನೆ ಎಂದುಕೊಂಡಿದ್ದೆ. ಬಂದದ್ದು ಪೇರ್ ಹಣ್ಣಿನ ಪರಿಮಳ. ಅದರ ಹಿಂದೆ ಆಗಷ್ಟೇ ಹೆರೆದ ಮರದ ಹೊಟ್ಟು. ಇನ್ನೂ ಹಿಂದೆ, ಎಲ್ಲೋ ದೂರದಲ್ಲಿ, ಯಾರೋ ಹಾಲಿಗೆ ಜೇನು ಹಾಕಿ ಕಾಯಿಸುತ್ತಿದ್ದ ಹಾಗೆ. ಅಪ್ಪ ಅದರಲ್ಲಿ ಎಲ್ಲಿಯೂ ಇರಲಿಲ್ಲ. ನೆಮ್ಮದಿಯಾಯಿತು, ಒಂದು ಗಳಿಗೆ ಬೇಜಾರೂ ಆಯಿತು, ಯಾಕೆಂದು ಕೇಳಬೇಡ. ಚಮಚದಲ್ಲಿ ಎರಡು ಹನಿ ನೀರು ಬಿಟ್ಟು ನಾಲಿಗೆಯ ಮೇಲೆ ಇಟ್ಟುಕೊಂಡೆ. ಸುಟ್ಟಿತು. ಕಣ್ಣು ಮುಚ್ಚಿ ಹಾಗೇ ಹಿಡಿದುಕೊಂಡೆ. "ನುಂಗೇ ತಾಯಿ, ಅದೇನು ಹಲ್ಲುನೋವಿನ ಔಷಧಿಯಾ?" ಎಂದ ಸ್ಯಾಂಡಿ. ನುಂಗಿದೆ. ಉರಿ ಇಳಿದ ಮೇಲೆ ಬಾಯಲ್ಲಿ ಉಳಿದದ್ದು ಸುಟ್ಟ ಓಟ್ಸಿನ ಸಿಹಿ, ಒಂದು ನಿಮಿಷಕ್ಕೂ ಹೆಚ್ಚು. ನಾನು ನಗತೊಡಗಿದೆ ಗ್ಯಾವಿನ್. ಮೂವತ್ತೊಂದು ವರ್ಷ ಇದಕ್ಕೆ ಚೀಟಿ ಅಂಟಿಸಿದೆನಲ್ಲಪ್ಪ!

ಆವತ್ತಿನಿಂದ ಭಾನುವಾರ ನಾಲ್ಕು ಗಂಟೆ ನಮ್ಮದು. ಲೋಟ ಮೂರು, ಸೀಸೆ ಒಂದು, ತಲೆಗೆ ಅರ್ಧ ಅಂಗುಲ ಎರಡು ಸಲ. ಆಮೇಲೆ ಬಿರಡೆ ಒಳಗೆ, ಚಹಾದ ಕೆಟಲ್ ಒಲೆಯ ಮೇಲೆ. ಈ ನಿಯಮ ನನ್ನದು. ಮುರಿಯುವ ಧೈರ್ಯ ಸ್ಯಾಂಡಿಗೂ ಇಲ್ಲ. ಅಂಗಡಿಯ ಮೇಲಿನ ಅರೆಯ, ಮರದ ಪೆಟ್ಟಿಗೆಯ ದುಬಾರಿ ಸೀಸೆಗಳ ತಂಟೆಗೆ ನಾವು ಹೋಗುವುದಿಲ್ಲ. "ಪೆಟ್ಟಿಗೆ ಕುಡಿಯೋಕಾಗುತ್ತಾ?" ಎಂದು ಸ್ಯಾಂಡಿ ಗೊಣಗುತ್ತಾನೆ. ಸಾದಾ ಹತ್ತು ವರ್ಷದವು, ಹನ್ನೆರಡು ವರ್ಷದವು, ಯಾರು ಬೇಕಾದರೂ ಕೊಳ್ಳಬಹುದಾದವು ಸಾಕು. ಶೆರಿ ವೈನು ತುಂಬಿದ್ದ ಹಳೆಯ ಪೀಪಾಯಿಯಲ್ಲಿ ಇಟ್ಟದ್ದು ಥೇಟ್ ಅಮ್ಮನ ಕ್ರಿಸ್‌ಮಸ್ ಕೇಕು, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಸಮೇತ. ಪಡುವಣ ದ್ವೀಪದಿಂದ ಬರುವ ಹೊಗೆ ವಾಸನೆಯದೊಂದಿದೆ. ಸ್ಯಾಂಡಿ ಅದನ್ನು ಮೂಸಿ, "ಥೂ, ಆಸ್ಪತ್ರೆಗೆ ಬೆಂಕಿ ಬಿದ್ದ ಹಾಗಿದೆ" ಎಂದು ಲೋಟ ದೂಡಿದ. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ನನ್ನನ್ನು ಅನುಮಾನದಿಂದ ನೋಡುತ್ತಾನೆ, ಇದು ಮುಂಚೆಯೇ ಗೊತ್ತಿದ್ದರೆ ನಿನ್ನನ್ನು ಮದುವೆಗೆ ಕೇಳುತ್ತಲೇ ಇರಲಿಲ್ಲ ಅನ್ನುತ್ತಾನೆ. ಎಪ್ಪತ್ತೆರಡನೆಯ ಇಸವಿಯಲ್ಲಿ ಕೇಳಿದ್ದ, ನಾನು ಒಪ್ಪಿರಲಿಲ್ಲ. ನಿನಗೆ ಇದು ಗೊತ್ತಿರಲಿಲ್ಲ ಅಲ್ಲವೇ?

ನನ್ನ ಬಗ್ಗೆ ನಿನಗೆ ಹೆದರಿಕೆ ಆಗುತ್ತಿರಬಹುದು. ನನಗೂ ಆಗಿತ್ತು, ಅಪ್ಪನ ರಕ್ತವಲ್ಲವೇ. ಅದಕ್ಕೇ ಜುಲೈಯಲ್ಲಿ ಒಂದು ಬುಧವಾರ, ಸಿಗ್ನೆ ಕೆಲಸಕ್ಕೆ ಹೋದ ಮೇಲೆ, ಒಬ್ಬಳೇ ಸೀಸೆ ತೆಗೆದು ಅರ್ಧ ಅಂಗುಲ ಸುರಿದು ಕುಡಿದೆ. ನಂತರ ಕೈಕಟ್ಟಿ ಕೂತೆ, ಎರಡನೆಯದು ಬೇಕೆನಿಸುತ್ತದೆಯೇ ನೋಡೋಣ ಎಂದು. ಸೀಸೆ ಮುಂದೆಯೇ ಇತ್ತು, ಬಿರಡೆ ತೆಗೆದೇ ಇಟ್ಟಿದ್ದೆ. ಅರ್ಧ ಗಂಟೆ ಕಾದೆ. ಒಂದು ಗಂಟೆ ಕಾದೆ. ಕೊನೆಗೆ ಹಸಿವಾಯಿತು, ಎದ್ದು ಎರಡು ಮೊಟ್ಟೆ ಬೇಯಿಸಿಕೊಂಡು ತಿಂದೆ. ಅಷ್ಟೇ ನಡೆದದ್ದು. ಆ ದಿನದಷ್ಟು ಹಗುರವಾಗಿ ನಾನು ಎಂದೂ ಮಲಗಿಲ್ಲ. ಬೇಕೆನಿಸಿದ್ದರೆ ಮಿಕ್ಕದ್ದನ್ನೆಲ್ಲ ತೊಟ್ಟಿಗೆ ಸುರಿದು, ಹಳೆಯ ಆಣೆಗೇ ವಾಪಸು ಹೋಗುತ್ತಿದ್ದೆ. ನಿನ್ನ ಅಕ್ಕನ ಹಟ ನಿನಗೆ ಗೊತ್ತು.

ಇನ್ನೊಂದು ಸಂಗತಿ. ಆಗಸ್ಟಿನಲ್ಲಿ ಸ್ಯಾಂಡಿ ತಮಾಷೆಗೆಂದು ಮೂರು ಸೀಸೆಯಿಂದ ಮೂರು ಲೋಟ ಸುರಿದು ಸಿಗ್ನೆಯ ಕಣ್ಣಿಗೆ ನನ್ನ ಸ್ಕಾರ್ಫ್ ಕಟ್ಟಿದ. ಮೂರನ್ನೂ ಸರಿಯಾಗಿ ಹೇಳಿದಳು. ಅದು ದೊಡ್ಡದಲ್ಲ, ನಾನೂ ಹೇಳಿಯೇನು. ಆದರೆ ನಡುವಿನ ಲೋಟ ಹಿಡಿದು, "ಇದು ಶೆರಿಯದು, ಆದ್ರೆ ಕಳೆದ ವಾರ ಕುಡಿದ ಸೀಸೆ ಅಲ್ಲ. ಇದರಲ್ಲಿ ಒದ್ದೆ ರಟ್ಟಿನ ವಾಸನೆ ಇದೆ" ಅಂದಳು. ಸ್ಯಾಂಡಿ ನಿಜಕ್ಕೂ ತನ್ನ ಮನೆಯ ಸೀಸೆಯಿಂದ ತಂದಿದ್ದ, ಅದರ ಬಿರಡೆ ಕೆಟ್ಟಿತ್ತು, ನಮಗಿಬ್ಬರಿಗೂ ತಿಳಿದಿರಲಿಲ್ಲ. ಅವನು ತನ್ನ ಲೋಟ ಕೆಳಗಿಟ್ಟ. "ಇದು ವಿಲ್ಲಿಯ ಮೂಗು ಕಣೇ ನೆಟ್ಟಾ" ಎಂದ. ಹಂಡೆಯಿಂದ ಸಾರ ಇಳಿಯುವಾಗ ಮೊದಲು ಬರುವುದೂ ಕೆಟ್ಟದ್ದು, ಕೊನೆಗೆ ಬರುವುದೂ ಕೆಟ್ಟದ್ದು, ನಡುವಿನದನ್ನಷ್ಟೇ ಹಿಡಿದಿಡಬೇಕಂತೆ. ಆ ಗಳಿಗೆ ಯಾವಾಗ ಬಂತೆಂದು ಮಿಕ್ಕವರು ಅಳತೆಗೋಲು ಅದ್ದಿ ನೋಡುತ್ತಿದ್ದರೆ, ಅಪ್ಪ ಬಾಗಿಲ ಹತ್ತಿರ ನಿಂತೇ, ಬರಿಯ ಮೂಗಿನಿಂದ, "ಈಗ ನಲ್ಲಿ ತಿರುಗಿಸು" ಅನ್ನುತ್ತಿದ್ದನಂತೆ. ಬೇರೆ ಭಟ್ಟಿಯವರು ನೋಡಲು ಬರುತ್ತಿದ್ದರಂತೆ. ನಮ್ಮಪ್ಪ ಯಾವುದರಲ್ಲಾದರೂ ಇಷ್ಟು ಗಟ್ಟಿಗ ಎಂದು ನಮಗೆ ಯಾರಾದರೂ ಹೇಳಿದ್ದರೇ? ನಾನು ಎದ್ದು ಸಿಗ್ನೆಯ ಕಣ್ಣಿನ ಸ್ಕಾರ್ಫ್ ಬಿಚ್ಚಿದೆ.

ನೀನೂ ಕುಡಿ ಎಂದು ನಾನು ಹೇಳುತ್ತಿಲ್ಲ. ಆ ಆಣೆ ನಿನ್ನನ್ನು ಹತ್ತೊಂಬತ್ತಕ್ಕೇ ಹಡಗು ಹತ್ತಿಸಿ ಸಮುದ್ರದಾಚೆಯ ಬರ್ಗೆನ್ ಮುಟ್ಟಿಸಿತು, ಒಳ್ಳೆಯ ಹೆಂಡತಿಯನ್ನೂ ಒಳ್ಳೆಯ ಕಸುಬನ್ನೂ ಕೊಟ್ಟಿತು; ಅದನ್ನು ಗಟ್ಟಿಯಾಗಿ ಹಿಡಿದುಕೋ. ನನ್ನ ಪಾಲನ್ನು ಮಾತ್ರ ನಾನು ಬಿಟ್ಟುಕೊಟ್ಟೆ, ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯಬಾರದೆಂದು ನಾನೇ ಬರೆದೆ.

ಚಳಿ ಶುರುವಾಗಿದೆ, ಮಂಡಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ತುರಿಡ್ ಹೇಳಿದಂತೆ ಕೇಳು. ನೀವಿಬ್ಬರೂ ಬೆಚ್ಚಗಿರಿ, ನಿನ್ನ ದೋಣಿಗಳು ಸೋರದಿರಲಿ, ದೇವರ ಕಣ್ಣು ನಿಮ್ಮ ಹೊಸಲಿನ ಮೇಲಿರಲಿ.

ನಿನ್ನ ಅಕ್ಕ,
ನೆಟ್ಟಾ

ತಾ.ಕ.: ಅಂಚೆಯ ಗಾಡಿ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಿಗ್ನೆಗೆ ಅಪ್ಪ ದುಡಿದ ಭಟ್ಟಿಯಲ್ಲೇ, ಹಂಡೆಗಳ ಮನೆಯಲ್ಲೇ, ಕೆಲಸ ಸಿಕ್ಕಿದೆ. ಹದಿನಾರು ಜನರನ್ನು ಕರೆದು ಮೂಗಿನ ಪರೀಕ್ಷೆ ಮಾಡಿ ಇವಳನ್ನು ಆರಿಸಿದರು. ಯಾರ ಮೊಮ್ಮಗಳೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಟ್ಟಲು ಹಂಚುವುದು ನಿಂತು ನಲವತ್ತು ವರ್ಷವಾಯಿತು. ಈಗ ಕೆಲಸದ ಹೊತ್ತಿನಲ್ಲಿ ಒಂದು ಹನಿ ಬಾಯಿಗೆ ಹಾಕಿದರೂ ಮನೆಗೆ ಕಳಿಸುತ್ತಾರೆ, ನಾನೇ ಹೋಗಿ ಕೇಳಿ ಬಂದೆ. ನವೆಂಬರ್ ಐದಕ್ಕೆ ಸೇರುತ್ತಾಳೆ. ನಿನಗೆ ನಾಲ್ಕು ಸಲ ಕಾಗದ ಬರೆದು ನಾಲ್ಕು ಸಲ ಹರಿದಳು; ಅವಳಿಗೆ ಕುದಿಯುವ ಹಂಡೆಯ ಹೆದರಿಕೆಯಿಲ್ಲ, ನಿನ್ನ ಹೆದರಿಕೆಯಿದೆ. ಇಪ್ಪತ್ತೊಂದನೆಯ ತಾರೀಖು ಭಾನುವಾರ ಮಧ್ಯಾಹ್ನ ಒಂದಕ್ಕೆ ಅವಳೇ ಫೋನ್ ಮಾಡುತ್ತಾಳೆ. ತುರಿಡ್ ಕೈಗೆ ಕೊಡಬೇಡ, ನೀನೇ ಎತ್ತು. ಏನು ಹೇಳಬೇಕೆಂದು ತೋಚದಿದ್ದರೆ, ಯಾವ ಪಾಳಿ ಎಂದು ಕೇಳು. ಉಳಿದದ್ದನ್ನು ಅವಳು ಹೇಳುತ್ತಾಳೆ.