ದೆವ್ವದ ಕಾಲು

ಹಾಲಿವುಡ್, ಮಾರ್ಚ್ 1941

ಚಿತ್ರ ಪರಿಶೀಲನಾ ಕಚೇರಿಯ ಶ್ರೀ ಕಾಲ್ವಿನ್ ಅವರಿಗೆ,

ನಿಮ್ಮ ಆಕ್ಷೇಪಣೆ ತಲುಪಿತು. ಕೊಲೆಯಾದ ಗಂಡ ದೆವ್ವವಾಗಿ ಬಂದು ಹೆಂಡತಿಯ ಮಂಚದ ಮೇಲೆ ಕೂತು, ತನ್ನನ್ನು ಕೊಂದವರು ಯಾರೆಂದು ಅವಳೊಂದಿಗೆ ತಲೆ ಕೆಡಿಸಿಕೊಳ್ಳುವ ನನ್ನ ದೃಶ್ಯಕ್ಕೆ ನಿಮ್ಮ ಒಪ್ಪಿಗೆಯಿಲ್ಲ. ಪರದೆಯ ಮೇಲೆ ಗಂಡಹೆಂಡತಿ ಒಂದೇ ಮಂಚದಲ್ಲಿದ್ದರೆ ಇಬ್ಬರದೂ ಒಂದೊಂದು ಕಾಲಾದರೂ ನೆಲದ ಮೇಲಿರಬೇಕೆಂಬುದು ನಿಮ್ಮ ನಿಯಮ. ದೆವ್ವಕ್ಕೂ ಅದರಿಂದ ವಿನಾಯಿತಿ ಇಲ್ಲವೆಂದು ಬರೆದಿದ್ದೀರಿ.

ಸ್ವಾಮಿ, ನಮ್ಮ ದೆವ್ವದ ಕಾಲು ನೆಲಕ್ಕೆ ತಾಗುವುದೇ ಇಲ್ಲ. ಅದು ತೇಲುವುದನ್ನು ಕಂಡೇ ಕೊನೆಗೆ ಕೊಲೆಗಾರ ಬಾಯಿಬಿಡುವುದು.

ನಿರ್ದೇಶಕ ಹೋಬಾರ್ಟ್ ನಿನ್ನೆ ಗೋಗರೆದ. "ಒಂದೇ ಒಂದು ಕಾಲು ಕಣಮ್ಮಾ ಲೆನೋರಾ. ಊರಿಸಿಬಿಡು, ಪೀಡೆ ತೊಲಗ್ಲಿ."

"ಆಗಲ್ಲ," ಎಂದೆ.

"ಹಂಗಾದ್ರೆ ಅವನಿಗೆ ಬೇರೆ ಮಂಚ ಹಾಕ್ಸೋಣ."

"ಸತ್ತ ಮೇಲೂ ಬೇರೆ ಮಂಚಾನಾ? ನಿಂಗೇನು ತಲೆ ಕೆಟ್ಟಿದ್ಯಾ?"

ದೃಶ್ಯ ಇದ್ದ ಹಾಗೇ ಇರುತ್ತದೆ. ದಯವಿಟ್ಟು ಒಪ್ಪಿಗೆಯ ಮುದ್ರೆ ಹಾಕಿ ಕಳಿಸಿ. ಆಗದಿದ್ದರೆ ಹೋಬಾರ್ಟ್ ನನ್ನ ಹೆಸರು ತೆಗೆದುಹಾಕಿ ಬೇರೆ ಯಾರಿಂದಲಾದರೂ ಬರೆಸಿಕೊಳ್ಳಲಿ. ನಾನಂತೂ ಒಂದಕ್ಷರವನ್ನೂ ಬದಲಿಸುವುದಿಲ್ಲ.

ಸತ್ತವರು ಹೀಗೆ ಮಂಚ ಹತ್ತಿ ಕೂರುತ್ತಾರೆಂದು ನನಗೆ ಯಾರು ಹೇಳಿದರು ಎಂದೂ ಕೇಳಿದ್ದೀರಿ. ನನ್ನ ಗಂಡ ವಾಲೇಸ್ ತೀರಿಕೊಂಡ ಮೇಲೆ ಇದು ಎರಡನೆಯ ವಸಂತ. ಇವತ್ತಿಗೂ ಬೆಳಗಿನ ಕಾಫಿ ಆರುವ ತನಕ ಮಂಚದ ತುದಿಯಲ್ಲಿ ಕೂತು, ನಾನು ಬರೆದದ್ದರಲ್ಲಿ ಹುಳುಕು ಹುಡುಕುತ್ತಾನೆ. ನಿಮ್ಮ ಪತ್ರವನ್ನೂ ಅವನಿಗೆ ಓದಿ ಹೇಳಿದೆ.

ಕಾಲು ಕೆಳಗಿಡಲು ಅವನು ಒಪ್ಪಲಿಲ್ಲ.

ಇತಿ,
ಲೆನೋರಾ (ಶ್ರೀಮತಿ ವಾಲೇಸ್ ಪ್ರುಯಿಟ್)
ಚಿತ್ರಕಥೆಗಾರ್ತಿ