ಬಾಯಿಗೆ ಬರಬಾರದ ಹೆಸರು

ಲೆಮ್ವಾರಿ, ವನುವಾಟು
ಬುಧವಾರ, ಆಗಸ್ಟ್ 14

ಪ್ರೀತಿಯ ವಾರಿ,

ಬೆನ್ನುನೋವು ಹೇಗಿದೆ? ಕಿತ್ತಳೆ ಬುಟ್ಟಿ ಹೊರುವಾಗ ಜಾಗ್ರತೆ. ನಿನ್ನ ಅಮ್ಮ ಚೆನ್ನಾಗಿದ್ದಾರೆ. ನಿನ್ನೆ ಗೆಡ್ಡೆ ತುರಿದು ಲಾಪ್‌ಲಾಪ್ ಕಡುಬು ಬೇಯಿಸಿ, “ಟೀಚರಮ್ಮಾ, ಆ ಟ್ಯಾಬ್ಲೆಟ್ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ?” ಎಂದು ಛೇಡಿಸಿ ದೊಡ್ಡ ತುಂಡನ್ನು ನನಗೇ ಹಾಕಿದರು. ನನ್ನ ತಾಯಿ ಹೋದ ಮೇಲೆ ನನಗಿರುವುದು ಅವರೊಬ್ಬರೇ. ಅದಕ್ಕೇ ಈ ಗೋಳು.

ಶಿಕ್ಷಕರ ನೋಂದಣಿ ಈಗ ಪೂರಾ ಟ್ಯಾಬ್ಲೆಟ್ಟಿನಲ್ಲೇ. ಪಾಠ ಮಾಡುವುದನ್ನು ವಿಡಿಯೊ ಮಾಡಿ, ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಲ್ಲಿ ನಿಂತು ಕಳುಹಿಸಬೇಕು. ಎಲ್ಲೋ ಕೂತ ಪರೀಕ್ಷಕರು ಅಂಕ ಕೊಡುತ್ತಾರೆ. ಅದರ ತರಬೇತಿಯಿಂದ ನನ್ನ ಪಾಠ ಸುಧಾರಿಸಿದೆ, ಸುಳ್ಳು ಹೇಳಲಾರೆ. ಆದರೆ ಎರಡು ಸಲ ವಿಡಿಯೊ ವಾಪಸ್ ಬಂತು: ‘ಶಿಕ್ಷಕಿಗೆ ಒಬ್ಬ ವಿದ್ಯಾರ್ಥಿನಿಯ ಹೆಸರು ಗೊತ್ತಿಲ್ಲ.’ ಗೊತ್ತಿಲ್ಲವಂತೆ. ಅವಳು ಬೇರೆ ದ್ವೀಪದಿಂದ ಬಂದ ಹೊಸ ನರ್ಸಮ್ಮನ ಮಗಳು. ಅವಳದೂ ನಿನ್ನ ಅಮ್ಮನದೂ ಒಂದೇ ಹೆಸರು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ ನಮ್ಮಲ್ಲಿ? ಆರು ತಿಂಗಳಿಂದ ‘ಕಿಟಕಿ ಪಕ್ಕದ ಪುಟ್ಟಿ’ ಎಂದೇ ಕರೆಯುತ್ತಿದ್ದೇನೆ, ವಿಡಿಯೊದಲ್ಲೂ. ಇದನ್ನೆಲ್ಲ ವಿವರಿಸಿ ಬರೆದರೆ ಯಂತ್ರದ ಉತ್ತರ ಬಂತು: ‘ನಿಮ್ಮ ಸಂದೇಶ ತಲುಪಿದೆ.’

ಮೂರನೆಯದೇ ಕೊನೆಯ ಅವಕಾಶ, ಸೋಮವಾರವೇ ಗಡುವು. ತಪ್ಪಿದರೆ ನೋಂದಣಿ ಹೋಗುತ್ತದೆ. ಇರುವವಳು ನಾನೊಬ್ಬಳೇ, ಶಾಲೆಗೆ ಬೀಗ ಬಿದ್ದು ಹದಿನಾಲ್ಕು ಮಕ್ಕಳು ದೋಣಿ ಹತ್ತಿ ಆಚೆ ದಡಕ್ಕೆ ಹೋಗಬೇಕು. ಹೆಸರು ಹೇಳಿದರೆ ಪದ್ಧತಿಯಂತೆ ಅತ್ತೆಗೆ ಚಾಪೆ, ಹಂದಿ ಕೊಟ್ಟು ತಪ್ಪೊಪ್ಪಿಕೊಳ್ಳಬಹುದು, ನಿಜ. ಹೋದ ವರ್ಷ ಎಲಿಸನ್ನನ ಹೆಂಡತಿ ಹಾಗೇ ಮಾಡಿದಳು. ಅವಳ ಅತ್ತೆ ಚಾಪೆ ತೆಗೆದುಕೊಂಡರು, ಆದರೆ ಅವಳು ಬಡಿಸಿದ್ದನ್ನು ಇವತ್ತಿಗೂ ಮುಟ್ಟಿಲ್ಲ. ನಿನ್ನ ಅಮ್ಮ ಹಾಗೆ ಮಾಡಿದರೆ ನಾನು ತಡೆಯಲಾರೆ ವಾರಿ. ತಲೆ ಕೆಟ್ಟುಹೋಗಿದೆ. ಫೋನಿನಲ್ಲಿ ಹೇಳೋಣವೆಂದರೆ ಗುಡ್ಡದ ಮೇಲೆ ಅರ್ಧ ಊರು ಕಿವಿ ಕೊಟ್ಟು ನಿಂತಿರುತ್ತದೆ. ಅದಕ್ಕೇ, ನಾಳೆ ಹೊರದೇಶದಲ್ಲಿ ನೀನಿರುವ ತೋಟಕ್ಕೇ ಕೆಲಸಕ್ಕೆ ಹೊರಡುವ ಆಂಡ್ರು ಚಿಕ್ಕಪ್ಪನ ಕೈಯಲ್ಲಿ ಈ ಕಾಗದ.

ದೇವರು ನಿನ್ನ ಬೆನ್ನನ್ನೂ ನನ್ನ ನಾಲಿಗೆಯನ್ನೂ ಕಾಯಲಿ.

ನಿನ್ನ
ಮೆರಿಯಮ್

ತಾ.ಕ.: ಗುರುವಾರ ಮಧ್ಯಾಹ್ನ. ಚಿಕ್ಕಪ್ಪ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಬೆಳಿಗ್ಗೆ ತರಗತಿಯಲ್ಲಿ ಆ ಹೆಸರು ಹೇಳಿಬಿಟ್ಟೆ. ಅದರ ವಿಡಿಯೊ ಆಗಿದೆ, ನೀನು ಅಮ್ಮನೊಂದಿಗೆ ಮಾತಾಡಿದ ಮೇಲೆ ಸೋಮವಾರ ಕಳುಹಿಸುತ್ತೇನೆ. ಸಂಜೆಯೊಳಗೆ ಅಮ್ಮನಿಗೆ ಮಕ್ಕಳಿಂದ ಗೊತ್ತಾಗುತ್ತದೆ. ಭಾನುವಾರ ಅವರು ನಿನ್ನ ಫೋನಿಗೆಂದು ಗುಡ್ಡ ಹತ್ತಿದಾಗ ನನ್ನ ಪರವಾಗಿ ಕ್ಷಮೆ ಬೇಡಿಕೋ. ಶಾಲೆ, ನೋಂದಣಿ ಯಾವುದನ್ನೂ ಹೇಳಬೇಡ. ಹೆಸರು ಕರೆದೊಡನೆ ಆ ಹುಡುಗಿ ಎದ್ದು ನಿಂತು ಕೇಳಿದ್ದನ್ನಷ್ಟೇ ಹೇಳು: “ಮಿಸ್, ನನ್ನ ಹೆಸರು ನಿಮಗೆ ಗೊತ್ತಿತ್ತಾ?”