ಇವರು ಕೇಳಿದ ನಂಬರು

೧೪ ನವೆಂಬರ್ ೨೦೦೬, ಮಂಗಳವಾರ

ಇವರು ಇವತ್ತು ಮಾಡಿದ ಕೆಲಸಕ್ಕೆ ನನಗೆ ಇನ್ನೂ ನಾಚಿಕೆ. ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆಯಿಲ್ಲ ಅಂತ ಕೊಪ್ಪಕ್ಕೆ, ವಾರಕ್ಕೊಮ್ಮೆ ಬರುವ ಮನಶ್ಶಾಸ್ತ್ರಜ್ಞೆ ಶೈಲಜಾ ಅವರ ಹತ್ತಿರ ಕರೆದುಕೊಂಡು ಹೋಗಿದ್ದರು. ನಾನಿನ್ನೂ ಕೂತಿರಲಿಲ್ಲ, ಇವರು ಕೇಳಿಯೇಬಿಟ್ಟರು: "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ರಿಜಿಸ್ಟ್ರೇಷನ್ ನಂಬರ್ ಎಂತ?"

ಮನಶ್ಶಾಸ್ತ್ರಜ್ಞರನ್ನು ನೋಂದಾಯಿಸುವ ದಿಲ್ಲಿಯ ಕೌನ್ಸಿಲ್ಲಿನ ಪಟ್ಟಿಯಲ್ಲಿ ಹೆಸರಿರಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರಂತೆ. ಹೋದ ತಿಂಗಳು ಒಬ್ಬ ಕೌನ್ಸೆಲರ್ ಇದೇ ಪ್ರಶ್ನೆಗೆ ಸಿಡಿದೆದ್ದಿದ್ದ. ಈಕೆ ನಕ್ಕು ಸರ್ಟಿಫಿಕೇಟನ್ನೇ ಮುಂದಿಟ್ಟರು. ಅಷ್ಟು ಸಾಲದೆ ಇವರು ನಂಬರನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡು, ಎದುರಿನ ಎಸ್‌ಟಿಡಿ ಬೂತಿನಿಂದ ದಿಲ್ಲಿಗೇ ಫೋನ್ ಮಾಡಿ, ತಮಗೆ ಬಾರದ ಹಿಂದಿಯಲ್ಲಿ ವಿಚಾರಿಸಿ ಬಂದರು. ಆಮೇಲೆಯೇ ನನ್ನನ್ನು ಅವರ ಹತ್ತಿರ ಬಿಟ್ಟು ಹೊರಗೆ ಕಾದರು. ನಾನು ಒಂದು ಗಂಟೆ ಅತ್ತುಬಿಟ್ಟೆ.

ಮನೆಗೆ ಮರಳುವಾಗ ಕಮ್ಮರಡಿ ಬಸ್ಸಿನಲ್ಲಿ ರೇಗಿಸಿದೆ: "ಮದ್ವೆಗೆ ಮುಂಚೆ ನನ್ನ ಜಾತಕನೂ ಕೇಳದೇ ಇದ್ದೋರು! ಇವತ್ತೆಂತ ಇಷ್ಟು ವಿಚಾರಣೆ?"

ಇವರು ಕಿಟಕಿಯತ್ತ ನೋಡುತ್ತಲೇ ಹೇಳಿದರು: "ಅವತ್ತು ಕೆಟ್ರೆ ನಾನೊಬ್ನೇ ಕೆಡ್ತಿದ್ದೆ ಮಾರಾಯ್ತಿ. ಇವತ್ತು ಅವರ ಕೈಗೆ ಕೊಡೋದು ನಿನ್ನನ್ನ."

ಆ ಟಿಕೆಟನ್ನು ಈ ಪುಟದಲ್ಲೇ ಇಟ್ಟಿದ್ದೇನೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ನಿಜವಾಗಿಯೂ…